‘ಛಲೋ ಅದ’ ಎನ್ನಬಾರದ ಮನೆ

ಚಾಚಾ ತೀರಿಕೊಂಡ ನಲವತ್ತನೇ ದಿನ ಅವರ ಮನೆಯಲ್ಲಿ ಊಟವಿತ್ತು. ಶಹಾಪುರದಿಂದ, ಸಗರದಿಂದ, ಗೋಗಿಯಿಂದ ಜನ ಬಂದಿದ್ದರು. ಪರಸಿ ಕಲ್ಲಿನ ಪಡಸಾಲೆಯಲ್ಲಿ ಸಾಲಾಗಿ ಕೂತು, ಚಾಚಾ ತಮ್ಮ ಕೈಯಾರೆ ಮಾಡಿದ ತಟ್ಟೆಗಳಲ್ಲೇ ಉಂಡೆವು. ಉಂಡವರೆಲ್ಲ ಕೈ ತೊಳೆಯುತ್ತ ಹೇಳಿದ್ದು ಒಂದೇ ಮಾತು: “ಭಾಳ ಛಲೋ ಮನುಷ್ಯಾ ಇದ್ದ ನೋಡ್ರಿ.” ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಆ ಮನುಷ್ಯನಿಗೆ ಈ ಜಗತ್ತಿನಲ್ಲಿ ಆಗದ ಮಾತು ಒಂದಿದ್ದರೆ ಅದು ‘ಛಲೋ’.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರೇ ಬರೆದುಕೊಂಡವರಲ್ಲ. ದೊಡ್ಡ ಊರಿನ ಕುಂಬಾರಿಕೆ ಸ್ಟುಡಿಯೋದವರು ಕಪ್ಪಿನ ತಳದಲ್ಲಿ ತಮ್ಮ ಹೆಸರೋ ಗುರುತೋ ಒತ್ತುತ್ತಾರಂತೆ. ನೀವ್ಯಾಕೆ ಒತ್ತುವುದಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, “ಚಹಾ ಕುಡಿಯಾವ ತಳಾ ನೋಡ್ತಾನೇನ್ರಿ ಅಕ್ಕೋರ? ತಳಾ ನೋಡಬೇಕಂದ್ರ ಚಹಾ ಚೆಲ್ಲಬೇಕಾಗತದ” ಎಂದಿದ್ದರು. ನಾನು ಸಗರದ ಶಾಲೆಯಲ್ಲಿ ಗಣಿತ ಕಲಿಸುವವಳು. ಹೀಗಾಗಿ ಅವರಿಗೆ ನಾನು ಅಕ್ಕೋರು, ನನಗೆ ಅವರು ಚಾಚಾ. ನಮ್ಮಿಬ್ಬರ ನಡುವೆ ಹದಿನೈದಿಪ್ಪತ್ತು ವರ್ಷಗಳ ಅಂತರವಿತ್ತು.

ಅವರು ಮಾಡುತ್ತಿದ್ದದ್ದು ಕುಂಬಾರ ಓಣಿಯ ಕೆಂಪು ಗಡಿಗೆಯಲ್ಲ, ಅಂಗಡಿಯ ತೆಳ್ಳನೆಯ ಪಿಂಗಾಣಿಯೂ ಅಲ್ಲ. ಉಪ್ಪಿನಕಾಯಿ ಜಾಡಿ ನೋಡಿದ್ದೀರಲ್ಲ, ಆ ಜಾತಿಯದು. ಮಣ್ಣನ್ನು ಕಲ್ಲಾಗುವ ತನಕ ಸುಡುವುದು. ಸ್ಟೋನ್‌ವೇರ್ ಎಂದು ಅದಕ್ಕೆ ಹೆಸರು. ಚಾಚಾ ಮಾತ್ರ ‘ಕಲ್ಲಮಣ್ಣು’ ಎನ್ನುತ್ತಿದ್ದರು. ಅವರದು ಕುಂಬಾರರ ಮನೆತನವಲ್ಲ. ಅವರ ತಂದೆ ಕಲಾಯಿ ಮಾಡುವವರು. ಓಣಿ ಓಣಿ ತಿರುಗಿ, ತಿದಿ ಊದಿ, ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಗೆ ತವರ ಸವರಿ ಬೆಳ್ಳಗೆ ಮಾಡಿಕೊಡುತ್ತಿದ್ದರು. ಸ್ಟೀಲು ಬಂತು, ಕಲಾಯಿ ಹೋಯಿತು. ಮಗ ಊರು ಬಿಟ್ಟು, ಕರೆಂಟಿನ ಕಂಬದ ಮೇಲೆ ತಂತಿ ಕಟ್ಟುವ ಪಿಂಗಾಣಿ ಬುಡ್ಡಿಗಳ ಕಾರ್ಖಾನೆ ಸೇರಿದರು. ಅಲ್ಲಿಂದ ತಮಿಳುನಾಡಿನ ಸಮುದ್ರದಂಡೆಯ ಊರೊಂದಕ್ಕೆ ಹೋಗಿ, ಒಬ್ಬ ಹೆಣ್ಣುಮಗಳ ಸ್ಟುಡಿಯೋದಲ್ಲಿ ಮಣ್ಣು ನಾದುವ ಕೆಲಸ ಹಿಡಿದರು. ನಾದುತ್ತ ನಾದುತ್ತ ಚಕ್ರದ ಮುಂದೆ ಕೂತರು. ಐವತ್ತು ದಾಟಿದ ಮೇಲೆ ಚಾಚಿಯನ್ನು ಕರೆದುಕೊಂಡು ಊರಿಗೆ ವಾಪಸಾಗಿ, ಶಹಾಪುರದಿಂದ ಸಗರಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ತಗಡಿನ ಶೆಡ್ಡು ಹಾಕಿ ಹಿಂದೊಂದು ಮಣ್ಣು ಸುಡುವ ಭಟ್ಟಿ ಕಟ್ಟಿದರು.

ನಾನು ದಿನಾ ಟಂಟಂ ಆಟೊದಲ್ಲಿ ಆ ಶೆಡ್ಡು ದಾಟಿಯೇ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಇಳಿದು ಒಂದು ಕಪ್ಪು ತಂದೆ. ಬೂದು ಹಸಿರು ಬಣ್ಣದ, ಕೈಗೆ ಭಾರವೆನಿಸುವ ಕಪ್ಪು. ನೋಡಲು ಎಷ್ಟು ಚೆಂದವಿತ್ತೆಂದರೆ ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಸಿಟ್ಟು ಬಂತು. ಚಹಾ ಕುಡಿಯುವಾಗಲೆಲ್ಲ ಹಿಡಿಕೆಯೊಳಗಿನ ನನ್ನ ಬೆರಳಿನ ಗೆಣ್ಣು ಕಪ್ಪಿನ ಮೈಗೆ ತಾಗಿ ಚುರ್ ಎನ್ನುತ್ತಿತ್ತು. ಕಪ್ಪನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಅವರ ಮುಂದಿಟ್ಟೆ.

“ಏನಾತ್ರಿ? ಒಡದದೇನು?”

“ಒಡದಿಲ್ಲ. ಬೆರಳ ಸುಡತದ. ನೀವು ಇದರಾಗ ಒಮ್ಮೆರ ಚಹಾ ಕುಡದೀರೇನು?”

ಶಾಲೆಯಲ್ಲಿ ಮಕ್ಕಳು ಹಿಂದಿನಿಂದ ನನ್ನನ್ನು ‘ಕೆಂಪು ಪೆನ್ನು’ ಎಂದು ಕರೆಯುವುದು ಸುಮ್ಮನೆ ಅಲ್ಲ. ಚಾಚಾ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಚಾಚಿಗೆ ಚಹಾ ಇಡಲು ಹೇಳಿದರು. ಅದೇ ಕಪ್ಪಿನಲ್ಲಿ ಬಗ್ಗಿಸಿ ನನ್ನ ಕೈಗೆ ಕೊಟ್ಟು, ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ನನ್ನ ಬೆರಳನ್ನೇ ನೋಡಿದರು. ಆಮೇಲೆ ನಕ್ಕರು. ಮುಂದಿನ ಹಲ್ಲೊಂದು ಇಲ್ಲದ, ಬಾಯ್ತುಂಬಿದ ನಗು.

“ಐದ ವರ್ಷ ಆತ್ರಿ ಅಕ್ಕೋರ ಊರಿಗೆ ಬಂದು. ಎಲ್ಲಾರೂ ಛಲೋ ಅದ, ಛಲೋ ಅದ ಅಂತಾರ. ಒಬ್ಬಾಕಿ ಬೆರಳೂ ಸುಟ್ಟಿಲ್ಲೇನು ಇಷ್ಟು ದಿನಾ?”

ಸುಟ್ಟಿರುತ್ತದೆ. ಆದರೆ ಹೇಳುವವರು ಯಾರು? ನಮ್ಮ ಕಡೆಯ ಜನ ಮಾತಿನಲ್ಲಿ ಒರಟು ಎಂದು ಹೆಸರು. ಆದರೆ ಕೈಗೆ ಕೊಟ್ಟದ್ದನ್ನು ಹಳಿಯುವುದಿಲ್ಲ. ಉಪ್ಪಿಲ್ಲದ ಸಾರು ಉಂಡೂ ‘ಛಲೋ ಆಗ್ಯಾದ್ರಿ’ ಎಂದು ಕೈ ತೊಳೆಯುವವರು ನಾವು. ಬೀಗರ ಮನೆಯಲ್ಲಿ ಹಳಸಿದ ಮಜ್ಜಿಗೆಗೂ ಅದೇ ಸರ್ಟಿಫಿಕೇಟು. ಅದು ಸುಳ್ಳು ಎಂದು ನಮಗೆ ಅನ್ನಿಸುವುದೇ ಇಲ್ಲ, ಮರ್ಯಾದೆ ಎಂದುಕೊಂಡಿರುತ್ತೇವೆ. ಆ ಮರ್ಯಾದೆಯಿಂದ ಚಾಚಾ ಹೈರಾಣಾಗಿದ್ದರು. ಒಂದು ವಾರ ಬಿಟ್ಟು ಹೋದಾಗ ಹಿಡಿಕೆ ದೊಡ್ಡದಾಗಿತ್ತು, ನನ್ನ ಗೆಣ್ಣು ಮತ್ತು ಕಪ್ಪಿನ ನಡುವೆ ಒಂದು ಜೋಳದ ಕಾಳು ಹೋಗುವಷ್ಟು ಜಾಗ ಬಂದಿತ್ತು. ಅಂದೇ ಅವರು ನನ್ನನ್ನು ನೌಕರಿಗೆ ಇಟ್ಟುಕೊಂಡರು ಎನ್ನಬೇಕು. ಶನಿವಾರ ಮುಂಜಾನೆ ಶಾಲೆ. ಮಧ್ಯಾಹ್ನದ ಹೊತ್ತಿಗೆ ಬಿಟ್ಟ ಮೇಲೆ ಶೆಡ್ಡಿಗೆ ಬಂದು, ಆ ವಾರ ಭಟ್ಟಿಯಿಂದ ಇಳಿಸಿದ ಸಾಮಾನನ್ನೆಲ್ಲ ಬಳಸಿ ನೋಡಿ, ಪಾಸೋ ಫೇಲೋ ಹೇಳಬೇಕು. ಸಂಬಳ ಚಾಚಿಯ ಕೈಯ ಚಹಾ.

ಪರೀಕ್ಷೆಗೆ ನಮ್ಮದೇ ಕ್ರಮವಿತ್ತು. ತಟ್ಟೆಯನ್ನು ಪರಸಿಯ ಮೇಲಿಟ್ಟು ಅಂಚಿನ ಮೇಲೆ ಬೆರಳು ಒತ್ತುವುದು. ಗಡಗಡ ಅಂದರೆ ಫೇಲು. ಜಾಡಿಯ ಮುಚ್ಚಳವನ್ನು ಸುತ್ತಲೂ ತಿರುಗಿಸುವುದು. ಎಲ್ಲಾದರೂ ಹಿಡಿದುಕೊಂಡರೆ ಫೇಲು. ಕಪ್ಪಿನಲ್ಲಿ ಸುಡುಸುಡು ಚಹಾ ಕುಡಿಯುವುದು. ಜಗ್ಗಿನಲ್ಲಿ ನೀರು ತುಂಬಿ ಬಗ್ಗಿಸಿ, ಥಟ್ಟನೆ ನಿಲ್ಲಿಸುವುದು. ನೀರು ಕತ್ತರಿಸಿದ ಹಾಗೆ ನಿಲ್ಲಬೇಕು. ಮೂತಿಯ ಕೆಳಗೆ ಒಂದು ಹನಿ ಇಳಿದರೂ ಫೇಲು. ಇಷ್ಟೂ ಹೊತ್ತು ಚಾಚಾ ನನಗೆ ಬೆನ್ನು ತಿರುಗಿಸಿ ಭಟ್ಟಿಯ ಕಡೆ ನೋಡುತ್ತ ನಿಂತಿರುತ್ತಿದ್ದರು. ತಮ್ಮ ಮುಖ ನೋಡಿದರೆ ನನ್ನ ತೀರ್ಪು ಮೆತ್ತಗಾದೀತು ಎಂದು ಅವರ ಅನುಮಾನ. ನಾನು ಕೂಗಿದ ಪಾಸು ಫೇಲುಗಳನ್ನು ಕಿವಿಯಲ್ಲೇ ಲೆಕ್ಕ ಹಿಡಿದು, ಫೇಲಾದದ್ದನ್ನು ಅಲ್ಲೇ ಬಾಗಿಲ ಕಲ್ಲಿಗೆ ಬಡಿದು ಒಡೆಯುತ್ತಿದ್ದರು. ಹತ್ತಿರದ ಹೆಣ್ಣುಮಕ್ಕಳು, ಒಡೆಯುವ ಬದಲು ನಮಗಾದರೂ ಕೊಡಬಾರದೇ ಎಂದು ಗೋಗರೆಯುತ್ತಿದ್ದರು. “ಇವತ್ತು ಪುಕ್ಕಟ ಅಂತ ಒಯ್ತೀರಿ, ನಾಳಿಂದ ಸೋರಿದಾಗೊಮ್ಮೆ ನನ್ನ ಬೈತೀರಿ. ಅಷ್ಟು ಬೈಗುಳ ನನಗ ತಾಳಂಗಿಲ್ಲ” ಎಂದು ಕಳಿಸುತ್ತಿದ್ದರು.

ನಮ್ಮ ಊಟಕ್ಕೆ ತಕ್ಕ ತಟ್ಟೆಗಾಗಿ ಅವರು ಪಟ್ಟ ಪಾಡು ನನಗೆ ಗೊತ್ತು. ರೊಟ್ಟಿಯ ಚೂರಿನಿಂದ ಪಲ್ಯ ಎತ್ತಬೇಕಾದರೆ ಪಲ್ಯಕ್ಕೊಂದು ಆಸರೆ ಬೇಕು. ಚಪ್ಪಟೆ ತಟ್ಟೆಯಲ್ಲಿ ಅದು ಮುಂದೆ ಮುಂದೆ ಓಡುತ್ತದೆ. ಸುತ್ತಲೂ ಅಂಚು ಎತ್ತರಿಸಿದರೆ ಒಣಗಿ ಗಟ್ಟಿಯಾದ ಕಟಕ್ ರೊಟ್ಟಿ ಒಳಗೆ ಕೂರುವುದಿಲ್ಲ. ಈ ಒಂದು ತಟ್ಟೆಗಾಗಿ ಚಾಚಾ ಮನೆಮನೆಗೆ ಹೋಗಿ ಉಂಡರು. ಎದುರಿಗೆ ಕೂತವರ ಮುಖ ನೋಡದೆ ಕೈ ನೋಡುತ್ತಿದ್ದರು. “ಅವ್ರು ಬಂದ್ರ ನನಗ ಪರೀಕ್ಷಾಕ್ಕ ಕೂತಂಗ ಆಗತದ” ಎಂದು ನಮ್ಮ ಯಜಮಾನರು ಗೊಣಗುತ್ತಿದ್ದರು. ಕೊನೆಗೆ ಒಂದು ಮಗ್ಗುಲಲ್ಲಷ್ಟೇ ಅಂಚು ಏರಿಸಿ, ನೆಲದ ಮೇಲೆ ಕೂತು ಉಣ್ಣುವವರಿಗೆ ಬಾಗುವ ಕಷ್ಟ ಬೇಡವೆಂದು ತಳಕ್ಕೆ ಎರಡು ಬೆರಳು ಎತ್ತರದ ಪಾದ ಕೊಟ್ಟರು. ಆ ತಟ್ಟೆ ನಮ್ಮ ಮನೆಗೆ ಬಂದ ದಿನ ನಮ್ಮ ಯಜಮಾನರು ಒಂದು ರೊಟ್ಟಿ ಹೆಚ್ಚು ಉಂಡರು, ಗೊಣಗುವುದನ್ನೂ ಬಿಟ್ಟರು.

ನಮ್ಮ ಅತ್ತೆಯದು ಬೇರೆಯೇ ತಕರಾರು. ದಿನಾ ಲಿಂಗಪೂಜೆ ಮಾಡುವ ಹಿರಿಯರು, ಪಿಂಗಾಣಿ ಎಂದರೆ ಮಾರು ದೂರ. ಅದರಲ್ಲಿ ಎಲುಬಿನ ಪುಡಿ ಹಾಕುತ್ತಾರೆ ಎಂದು ಯಾರೋ ಹೇಳಿದ್ದರು. ನಾನು ತಂದ ಮೊಸರಿನ ಜಾಡಿಯನ್ನು ಅಡುಗೆಮನೆಯ ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಚಾಚಾ ಒಂದು ದಿನ ಬಂದಾಗ ಅತ್ತೆ ನೇರವಾಗಿಯೇ ಕೇಳಿದರು, “ಇದರಾಗ ಏನೇನ ಹಾಕ್ತಿಯಪಾ ನೀನು?”

“ಮಣ್ಣು ರೀ ಅವ್ವಾ. ನಮ್ಮ ಗುಡ್ಡದ ಕಲ್ಲಿನ ಹಿಟ್ಟು. ಮ್ಯಾಲೆ ಹೊಳಪಿಗೆ ತೊಗರಿ ಕಟಗಿ ಬೂದಿ.”

“ಬೂದಿ?”

“ಹೌದ್ರಿ. ಕಲ್ಲು, ಮಣ್ಣು, ಬೂದಿ. ಎಲ್ಲಾ ನಿಮ್ಮ ಶಿವನ ಸಾಮಾನೇ ಅದ. ನನ್ನದು ಬರೀ ಕೂಲಿ.”

ಅತ್ತೆಯ ಕೈ ಹಣೆಯ ವಿಭೂತಿಗೆ ಹೋಯಿತು. ಮರುದಿನ ಮೊಸರು ಆ ಜಾಡಿಯಲ್ಲೇ ಹೆಪ್ಪಾಗಿತ್ತು. ಅವರು ಇರುವತನಕ ಅದರಲ್ಲೇ ಆಯಿತು.

ಆದರೆ ಹೂದಾನಿ ಕೇಳಿದವರನ್ನು ಚಾಚಾ ಹಾಗೇ ವಾಪಸು ಕಳಿಸುತ್ತಿದ್ದರು. ಯಾದಗಿರಿಯಿಂದ ಒಬ್ಬರು ಕಾರಿನಲ್ಲಿ ಬಂದು, ಸಮಾರಂಭಕ್ಕೆ ನೆನಪಿನ ಕಾಣಿಕೆ ಬೇಕು, ಮೇಲೆ ದೊಡ್ಡವರ ಫೋಟೊ ಬರಬೇಕು ಎಂದರು. ಅದರಲ್ಲಿ ಏನು ಹಾಕಿ ಉಣ್ಣುತ್ತಾರೆ ಎಂದು ಚಾಚಾ ಕೇಳಿದರು. ಏನೂ ಇಲ್ಲ, ಶೋಕೇಸಿನಲ್ಲಿ ಇಡುತ್ತಾರೆ ಎಂದರು ಅವರು. “ಹಂಗಾದ್ರ ಫೋಟೊನೇ ಇಡ್ರಿ, ನಡುವ ನನ್ನ ಮಣ್ಣ್ಯಾಕ?” ಎಂದುಬಿಟ್ಟರು. ಕಾರು ಧೂಳೆಬ್ಬಿಸಿ ಹೋದ ಮೇಲೆ ಚಾಚಿ ದಖನಿ ಉರ್ದುವಿನಲ್ಲಿ ಗಂಡನಿಗೆ ಮಾಡಿದ ಮಂಗಳಾರತಿಯನ್ನು ನಾನು ಕೇಳಿಸಿಕೊಳ್ಳದವಳಂತೆ ಚಹಾ ಕುಡಿದೆ.

ನನಗೆ ಅವರ ಕೆಲಸದಲ್ಲಿ ಬಹಳ ಹಿಡಿಸಿದ್ದು ಲೆಕ್ಕ. ಹಸಿ ಮಣ್ಣಿನ ಪಾತ್ರೆ ಒಣಗಿ, ಸುಟ್ಟು ಬರುವಷ್ಟರಲ್ಲಿ ಸುಮಾರು ಎಂಟರಲ್ಲೊಂದು ಪಾಲು ಕುಗ್ಗುತ್ತದೆ. ಅಂದರೆ ನಾಳಿನ ಕಪ್ಪನ್ನು ಇವತ್ತು ದೊಡ್ಡದಾಗಿಯೇ ಕಾಣಬೇಕು. ಜಾಡಿ, ಮುಚ್ಚಳ ಎರಡೂ ಒಂದೇ ಸಮ ಕುಗ್ಗಬೇಕು. ನಾನು ಹುರುಪಿನಿಂದ ಒಂದು ರಟ್ಟಿನ ಮೇಲೆ ಕೋಷ್ಟಕ ಹಾಕಿ ಕೊಟ್ಟೆ. ಅವರು ಅದನ್ನು ಗೌರವದಿಂದ ಗೋಡೆಗೆ ತೂಗುಹಾಕಿದರು, ಒಂದು ದಿನವೂ ನೋಡಲಿಲ್ಲ. ಕೇಳಿದರೆ ಎರಡೂ ಅಂಗೈಗಳನ್ನು ಗಾಳಿಯಲ್ಲಿ ಕಪ್ಪಿನಷ್ಟು ಅಗಲಿಸಿ, ಮೆಲ್ಲಗೆ ಒಂದಿಷ್ಟು ಹತ್ತಿರ ತಂದು, “ಇಲ್ಲಿಂದ ಇಲ್ಲಿಗೆ. ಕೈಗೆ ಗೊತ್ತದ” ಎನ್ನುತ್ತಿದ್ದರು. ಬಿರುಕುಬಿಟ್ಟ, ಮಣ್ಣಿನಿಂದ ಬೆಳ್ಳಗಾದ ಆ ಕೈಗಳು ಈಗಲೂ ನನ್ನ ಕಣ್ಣ ಮುಂದಿವೆ. ಒಂದು ತಣ್ಣನೆಯ ಸಂಜೆ ಅವೇ ಕೈಗಳು ಚಹಾದ ಕಪ್ಪು ಎತ್ತುವಾಗ ಚಹಾ ತುಳುಕಿ ಬನಿಯನ್ನಿನ ಮೇಲೆ ಬಿದ್ದದ್ದನ್ನೂ ಮರೆಯಲಾರೆ.

ಮೊದಲು ಅವರು ಚಕ್ರದ ಮೋಟರನ್ನು ದೂರಿದರು. ಬೇರಿಂಗು ಬದಲಿಸಿದರು. ಆಮೇಲೆ ಚಕ್ರದ ಕೆಳಗಿನ ನೆಲ ಕುಸಿದಿದೆ ಎಂದು ಸಿಮೆಂಟು ಹಾಕಿಸಿದರು. ಕೊನೆಗೆ ಚಾಚಿ ಹಟ ಹಿಡಿದು ಕಲಬುರಗಿಗೆ ಕರೆದುಕೊಂಡು ಹೋದರು. ನರದ ರೋಗ, ಕೈ ನಡುಕ ನಿಲ್ಲುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದರಂತೆ ಡಾಕ್ಟರು. ಮುಂದಿನ ಶನಿವಾರ ನಾನು ಹೋದಾಗ ಚಾಚಾ ಕಪ್ಪೊಂದರಲ್ಲಿ ನೀರು ತುಂಬಿ, ಎತ್ತಿ ಹಿಡಿದು, ಅದರೊಳಗಿನ ಸಣ್ಣ ಸಣ್ಣ ಅಲೆಗಳನ್ನು ನೋಡುತ್ತ ಕೂತಿದ್ದರು.

“ಅಕ್ಕೋರ, ನನ್ನ ಕೈ ಅಲ್ಲಾಡತದೋ, ನಾ ಮಾಡಿದ್ದ ಕಪ್ಪೇ ಸೊಟ್ಟ ಅದನೋ, ನನಗ ತಿಳಿವಲ್ದು. ಇನ್ನ ಮ್ಯಾಲೆ ನೀವು ಹೇಳಿದ್ದೇ ಖರೇ.”

ನಾನು ಆಗಲಿ ಎಂದೆ. ಅಷ್ಟು ವರ್ಷ ಆಟದಂತಿದ್ದ ಕೆಲಸ ಅಂದಿನಿಂದ ಭಾರವಾಯಿತು.

ಮುಂದಿನ ಬೇಸಿಗೆಯಲ್ಲಿ ಸುರಪುರದ ಒಬ್ಬ ಹೆಣ್ಣುಮಗಳು ಹೊಸದಾಗಿ ಖಾನಾವಳಿ ತೆರೆದು, ಮೇಜಿಗೊಂದರಂತೆ ಮಜ್ಜಿಗೆಯ ಜಗ್ಗು ಬೇಕು, ಇಪ್ಪತ್ತು ಮಾಡಿಕೊಡಿ ಎಂದು ಕೇಳಿದಳು. ಚಾಚಾ ಹಿಂದೆಮುಂದೆ ನೋಡದೆ ಒಪ್ಪಿದರು. ತಮ್ಮ ಕೈಯಲ್ಲಿ ಇನ್ನೂ ಕೆಲಸ ಇದೆ ಎಂದು ಅವರಿಗೆ ಅವರೇ ತೋರಿಸಿಕೊಳ್ಳಬೇಕಿತ್ತು. ಜಗ್ಗು ಎಂದರೆ ಎಲ್ಲ ಇರುವುದು ಮೂತಿಯಲ್ಲಿ. ಮಣ್ಣು ಹಸಿಯಿರುವಾಗಲೇ ಒಂದು ಬೆರಳಿನಿಂದ ಅಂಚನ್ನು ಹೊರಗೆ ಎಳೆಯಬೇಕು, ಎಳೆದ ತುದಿ ಚೂಪಾಗಿ ನಿಲ್ಲಬೇಕು. ಒಂದೇ ಎಳೆತ. ಬೆರಳು ನಡುಗಿದರೆ ತುದಿ ಮೊಂಡಾಗುತ್ತದೆ. ಮೊಂಡಾದರೆ ಹನಿ ಇಳಿಯುತ್ತದೆ. ಏಪ್ರಿಲ್ಲಿನ ಆ ಬಿಸಿಲಲ್ಲಿ, ಕಾದ ತಗಡಿನ ಕೆಳಗೆ ಕೂತು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದು ಅವರು ಮೂತಿ ಎಳೆಯುತ್ತಿದ್ದರು. ನಾನು ಮೊದಲ ಭಟ್ಟಿಯಲ್ಲಿ ಒಂಬತ್ತು ಫೇಲು ಮಾಡಿದೆ. ಒಡೆದರು. ಎರಡನೆಯದರಲ್ಲಿ ಆರು. ಅವನ್ನೂ ಒಡೆದರು. ಹಾಗೂ ಹೀಗೂ ಹದಿನಾರು ಜಗ್ಗು ಕೂಡಿದವು. ಇನ್ನು ನಾಲ್ಕು ಬೇಕಿತ್ತು.

ಮೂರನೆಯ ಭಟ್ಟಿ ತೆರೆದ ಶನಿವಾರ ನಾಲ್ಕು ಜಗ್ಗು ಮೇಜಿನ ಮೇಲಿದ್ದವು. ಚಾಚಾ ಎಂದಿನಂತೆ ಬೆನ್ನು ತಿರುಗಿಸಿ ನಿಂತರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಬೆನ್ನುಮೂಳೆ ಎಣಿಸಬಹುದಿತ್ತು. ಪಕ್ಕಕ್ಕೆ ಇಳಿಬಿಟ್ಟ ಬಲಗೈ ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿತ್ತು. ನಾನು ಮೊದಲನೆಯದನ್ನು ಬಗ್ಗಿಸಿ ನಿಲ್ಲಿಸಿದೆ. ಹನಿಯೊಂದು ಮೂತಿಯಿಂದ ಜಾರಿ ಹೊಟ್ಟೆಯ ಮೇಲಿಳಿಯಿತು. ಸೆರಗಿನಿಂದ ಒರೆಸಿ “ಪಾಸ್” ಎಂದೆ. ಎರಡನೆಯದೂ ಸೋರಿತು, ಒರೆಸಿದೆ, ಪಾಸ್. ಮೂರನೆಯದು, ನಾಲ್ಕನೆಯದು ಹಾಗೆಯೇ. ಸೆರಗಿನ ತುದಿ ಒದ್ದೆಯಾಗಿತ್ತು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಚಾಚಾ ತಿರುಗಿದಾಗ ಅವರ ಮುಖ ಹೇಗಿತ್ತು ಎಂದರೆ, ಆ ಕ್ಷಣಕ್ಕೆ ನಾನು ಮಾಡಿದ್ದು ಪುಣ್ಯದ ಕೆಲಸ ಎಂದೇ ಅನಿಸಿತು. “ನಾಲ್ಕಕ್ಕ ನಾಲ್ಕೂ?” ಎಂದು ಎರಡು ಸಲ ಕೇಳಿದರು. ಚಾಚಿಯನ್ನು ಕರೆದು ಹೇಳಿದರು. ಮರುದಿನ ಜಗ್ಗುಗಳನ್ನು ಹುಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಸುರಪುರಕ್ಕೆ ಎರಡು ಸಲ ಓಡಾಡಿ ಮುಟ್ಟಿಸಿದರು.

ಒಂದು ವಿಷಯ ನಾನು ಮರೆತಿದ್ದೆ. ಮಾಡಿಕೊಟ್ಟ ಸಾಮಾನು ಹೇಗೆ ದುಡಿಯುತ್ತಿದೆ ಎಂದು ಹೋಗಿ ನೋಡುವುದು ಚಾಚಾರ ರೂಢಿ. ಹದಿನೈದು ದಿನ ಬಿಟ್ಟು ಅವರು ಸುರಪುರಕ್ಕೆ ಹೋಗಿ ಆ ಖಾನಾವಳಿಯಲ್ಲಿ ಉಂಡರು. ಇಪ್ಪತ್ತು ಮೇಜಿನಲ್ಲಿ ನಾಲ್ಕು ಮೇಜಿನ ಜಗ್ಗಿನ ಕೆಳಗೆ ಸ್ಟೀಲಿನ ಬಸಿ ಇಟ್ಟಿದ್ದರಂತೆ, ಬಸಿಯಲ್ಲಿ ಮಜ್ಜಿಗೆ ನಿಂತಿತ್ತಂತೆ. ಆ ಹೆಣ್ಣುಮಗಳನ್ನು ಕೇಳಿದ್ದಕ್ಕೆ, “ಭಾಳ ಛಲೋ ಅವ ರೀ ಕಾಕಾ, ಏನೂ ತಕರಾರ ಇಲ್ಲ” ಎಂದಳಂತೆ.

ಶನಿವಾರ ನಾನು ಶೆಡ್ಡಿಗೆ ಹೋದಾಗ ಅವರು ವಾಪಸು ತಂದ ಆ ನಾಲ್ಕು ಜಗ್ಗುಗಳು ಮೇಜಿನ ಮೇಲಿದ್ದವು. ಚಾಚಾ ಅಂದು ಬೆನ್ನು ತಿರುಗಿಸಲಿಲ್ಲ. ನನ್ನ ಮುಖ ನೋಡುತ್ತ ಒಂದೊಂದರಲ್ಲೂ ನೀರು ಹಾಕಿ, ನಡುಗುವ ಕೈಯಿಂದ ಬಗ್ಗಿಸಿ, ನಿಲ್ಲಿಸಿದರು. ನಾಲ್ಕೂ ಸೋರಿದವು. ಮೇಜಿನ ಮೇಲೆ ನೀರು ಹರಿದು ನನ್ನ ಸೀರೆಯ ಮೇಲೆ ತೊಟ್ಟಿಕ್ಕಿತು.

“ಮಕ್ಕಳಿಗೂ ಹಿಂಗ ಮಾರ್ಕ್ಸ್ ಕೊಡ್ತೀರೇನ್ರಿ ಅಕ್ಕೋರ?”

“ಚಾಚಾ, ನಿಮ್ಮ ಮನಸ್ಸಿಗೆ…”

“ನನ್ನ ಕೈ ಹೋತು ಅಂತ ಡಾಕ್ಟರ್ ಹೇಳ್ದ. ಹೋಗ್ಲಿ, ಅಕ್ಕೋರ ನಾಲಿಗಿ ಅದಲ್ಲ, ಅದರ ಮ್ಯಾಲೆ ಇನ್ನಾ ಎರಡ ವರ್ಷ ದುಡೀತೀನಿ ಅಂದ್ಕೊಂಡಿದ್ದೆ. ಅದೂ ಹೋತಲ್ರಿ.”

ದನಿ ಏರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಚಕ್ರದ ಮೇಲೆ ಗೋಣಿಚೀಲ ಹೊದಿಸಿ ಒಳಗೆ ಹೋದರು. ರಸ್ತೆಯತನಕ ನನ್ನನ್ನು ಕಳಿಸಲು ಬಂದ ಚಾಚಿ, ನಾನು ಟಂಟಂ ಹತ್ತುವಾಗ ಒಂದೇ ಮಾತು ಹೇಳಿದರು. “ನೀವೂ ನಮ್ಮಂಗೇ ಆದ್ರಿ ಅಕ್ಕೋರ.”

ಆಮೇಲೆ ಐದು ತಿಂಗಳು ನಾನು ಆ ಕಡೆ ಹೋಗಲಿಲ್ಲ. ಟಂಟಂನಲ್ಲಿ ಶೆಡ್ಡು ಕಾಣದ ಮಗ್ಗುಲಲ್ಲಿ ಕೂರುತ್ತಿದ್ದೆ. ಶನಿವಾರ ಶಾಲೆ ಬಿಟ್ಟ ಮೇಲೆ ಕಾಲಿಗೆ ಏನು ಕೆಲಸ ಕೊಡಬೇಕೋ ತಿಳಿಯುತ್ತಿರಲಿಲ್ಲ. ತರಗತಿಯಲ್ಲಿ ಒಂದು ಉತ್ತರಪತ್ರಿಕೆಗೂ ನೆಟ್ಟಗೆ ಅಂಕ ಹಾಕಲು ಧೈರ್ಯ ಬರುತ್ತಿರಲಿಲ್ಲ ಎಂದರೆ ನಂಬಿ. ನಾನು ಹೇಳಿದ್ದು ನಾಲ್ಕು ಸಣ್ಣ ಸುಳ್ಳು, ಅದೂ ಪ್ರೀತಿಯಿಂದ, ಎಂದು ಎಷ್ಟು ಸಲ ಸಮಾಧಾನ ಹೇಳಿಕೊಂಡೆನೋ. ಆದರೆ ಅವರು ನನ್ನಿಂದ ಪ್ರೀತಿ ಕೇಳಿರಲಿಲ್ಲ. ಅದನ್ನು ಕೊಡಲು ಚಾಚಿ ಇದ್ದರು, ಊರೆಲ್ಲ ಇತ್ತು. ನನ್ನಿಂದ ಕೇಳಿದ್ದು ನಿಜ ಒಂದೇ. ಅದನ್ನೇ ಕೊಡಲಾರದೆ ಹೋದೆ.

ದಸರಾ ಕಳೆದ ಮೇಲಿನ ಒಂದು ಶನಿವಾರ ಶಾಲೆ ಬಿಟ್ಟಾಗ ಗೇಟಿನ ಬಳಿ ಚಾಚಿ ನಿಂತಿದ್ದರು. “ಹೊಸಾದೊಂದ ಆಗ್ಯಾದ. ಅಕ್ಕೋರಿಗೆ ಕರಕೊಂಡ ಬಾ ಅಂದಾರ” ಎಂದರು. ದಾರಿಯಲ್ಲಿ ಅವರೇ ಹೇಳಿದರು. ಚಕ್ರದ ಮುಂದೆ ಕೂರುವುದು ಇನ್ನು ಆಗದು ಎಂದು ಖಾತ್ರಿಯಾದ ಮೇಲೆ ಚಾಚಾ ಮೊಣಕೈಗಳನ್ನು ಮೊಣಕಾಲಿಗೆ ಒತ್ತಿಕೊಂಡು, ಅಂಗೈಯಲ್ಲಿ ಮಣ್ಣಿನ ಉಂಡೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಕಪ್ಪು ಮಾಡಲು ನೋಡಿದರಂತೆ. ತಿಂಗಳುಗಟ್ಟಲೆ ಕೂತು ಮಾಡಿದವೆಲ್ಲ ಕುಸಿದು, ಒಂದು ನಿಂತಿತಂತೆ. ಆ ಒಂದನ್ನೇ ಭಟ್ಟಿಯಲ್ಲಿಟ್ಟು, ಚಾಚಿಯ ಕೈಯಿಂದ ಇಡೀ ದಿನ ಕಟ್ಟಿಗೆ ಹಾಕಿಸಿ ಸುಟ್ಟರಂತೆ. ನೂರು ಪಾತ್ರೆ ಹಿಡಿಯುವ ಭಟ್ಟಿಯಲ್ಲಿ ಒಂದೇ ಕಪ್ಪು.

ಚಾಚಾ ಖುರ್ಚಿಯಲ್ಲಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. “ಬರ್ರಿ” ಎಂದರು ಅಷ್ಟೆ. ಹಳೆಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮಳೆ ಬಂತಾ, ತೊಗರಿ ಹೂ ಬಿಟ್ಟಿತಾ ಎಂದು ಏನೇನೋ ಆಡುತ್ತ ಕೂತೆವು, ಬೀಗರ ಹಾಗೆ. ಆಮೇಲೆ ಚಾಚಿ ಚಹಾ ತಂದು ಆ ಕಪ್ಪಿಗೆ ಬಗ್ಗಿಸಿದರು.

ಅಂಥ ಕಪ್ಪನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೆಯೂ ನೋಡಿಲ್ಲ. ಕಾಲುವೆಯ ನೀರು ತಿಳಿಯಾದಾಗ ಇರುವಂಥ ಹಸಿರು. ಅವರ ಹೆಬ್ಬೆರಳಿನ ನಡುಕವೆಲ್ಲ ಮೈತುಂಬ ಸಣ್ಣ ಸಣ್ಣ ಅಲೆಯಾಗಿ ಗಟ್ಟಿಯಾಗಿತ್ತು. ಹಿಡಿಕೆ ಇರಲಿಲ್ಲ. ಎರಡೂ ಅಂಗೈಯಲ್ಲಿ ಹಿಡಿದರೆ ಅವರ ಬೆರಳಿನ ಗುಂಡಿಗಳಲ್ಲಿ ನನ್ನ ಬೆರಳು ಹೋಗಿ ಕೂತವು. ಚಾಚಾ ಖುರ್ಚಿ ಹಿಡಿದು ಎದ್ದರು. ತಿರುಗಿ, ಭಟ್ಟಿಯ ಕಡೆ ಮುಖ ಮಾಡಿ ನಿಂತರು.

ಕುಡಿದೆ. ಅಂಚಿನ ಒಂದು ಕಡೆ ದಪ್ಪವಾಗಿ ಒಳಗೆ ಬಾಗಿತ್ತು. ಚಹಾ ತುಟಿಗೆ ಬಾರದೆ ಪಕ್ಕದಿಂದ ಜಾರಿ ಗದ್ದದ ತನಕ ಇಳಿಯಿತು. ಕಪ್ಪು ತಿರುಗಿಸಿ ಇನ್ನೊಂದು ಕಡೆಯಿಂದ ಕುಡಿದೆ. ಅಲ್ಲೂ ಇಳಿಯಿತು. ಬಾಗಿಲಲ್ಲಿ ನಿಂತ ಚಾಚಿ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ಏನು ಬೇಡುತ್ತಿತ್ತೋ ನನ್ನ ಜೀವವೂ ಅದನ್ನೇ ಬೇಡುತ್ತಿತ್ತು. ಇನ್ನೊಂದು ಕಪ್ಪು ಮಾಡುವ ಶಕ್ತಿ ಆ ಕೈಗಳಲ್ಲಿ ಉಳಿದಿಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಗದ್ದ ಒರೆಸಿಕೊಂಡು ಒಂದು ಮಾತು ಅಂದರೆ ಸಾಕಿತ್ತು.

“ಫೇಲ್” ಎಂದೆ. “ಅಂಚು ದಪ್ಪ ಅದ ಚಾಚಾ. ಎರಡೂ ಕಡಿ ಸೋರತದ.”

ಅವರು ಬಂದು, ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಬೆರಳು ದಪ್ಪಗಿದ್ದಲ್ಲಿ ಬಂದು ನಿಂತಿತು. ಹೌದು ಎಂಬಂತೆ ತಲೆಯಾಡಿಸಿದರು. ಉಳಿದ ಚಹಾವನ್ನು ಹೊರಗೆ ಚೆಲ್ಲಿ, ಬಾಗಿಲ ಕಲ್ಲಿಗೆ ಒಂದೇ ಏಟು ಹಾಕಿದರು.

ಅದರ ನಂತರ ಅವರು ಏನನ್ನೂ ಮಾಡಲಿಲ್ಲ, ಏಳು ತಿಂಗಳು ಬದುಕಿದ್ದರು. ನನಗೆ ಆ ಕಪ್ಪು ಬೇಕು. ಸೋರಿದರೂ ಬೇಕು, ದಿನಾ ಸೀರೆಯ ಮೇಲೆ ಚಹಾ ಚೆಲ್ಲಿಕೊಂಡಾದರೂ ಅದರಲ್ಲೇ ಕುಡಿಯುತ್ತಿದ್ದೆ. ನಮ್ಮ ಮನೆಯಲ್ಲಿ ಅವರು ಮಾಡಿದ ತಟ್ಟೆಗಳಿವೆ, ಬಟ್ಟಲುಗಳಿವೆ, ಒಂದರಲ್ಲೂ ಐಬಿಲ್ಲ. ಅವರ ನಡುಕ ಹಿಡಿದಿಟ್ಟುಕೊಂಡದ್ದು ಅದೊಂದೇ ಆಗಿತ್ತು. ಎಷ್ಟೋ ಸಲ, ಅಂದು ಸುಳ್ಳು ಹೇಳಿದ್ದರೆ, ಎಂದು ಆಸೆಯಾಗುತ್ತದೆ. ಆಗ, ಆ ಕಪ್ಪು ಒಡೆದು ಅವರು ತಿರುಗಿದಾಗಿನ ಮುಖ ನೆನಪಾಗುತ್ತದೆ.

ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ ಚಾಚಾ ನಮ್ಮ ಕಡೆ ತಿರುಗಿದರು. ಹಲ್ಲಿಲ್ಲದ ಆ ನಗು ಮುಖದ ತುಂಬ ಇತ್ತು, ಕಣ್ಣಲ್ಲಿ ನೀರೂ ಇತ್ತು. ಹೆಂಡತಿಯ ಜೊತೆ ಎಂದೂ ಕನ್ನಡ ಆಡದ ಮನುಷ್ಯ, ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲೇ ಕೂಗಿದರು:

“ಏ, ಚಹಾ ಇಡ! ನಮ್ಮ ಅಕ್ಕೋರು ಬಂದ್ರು ನೋಡ!”

ನಾನು ಬಂದು ಆಗಲೇ ಅರ್ಧ ಗಂಟೆಯಾಗಿತ್ತು.